ಗಂಧರಾಜದ ಎಣ್ಣಿ: ಮನ್ಯಾಗ ಮಾಡಿ ನೋಡಿದ ನನ್ನ ಅನುಭವ

ನಮ್ಮ ಅವ್ವಗ 68 ವರ್ಷ. ಅಪ್ಪ ಹೋದ ಮ್ಯಾಲ ಅಕಿಗಿ ರಾತ್ರಿ ನಿದ್ದಿ ಹತ್ತೋದೇ ಬಿಟ್ಟಿತ್ತು, ಎರಡು ಗಂಟಿಗಿ ಎದ್ದು ಬಾಗಲದಾಗ ಕುಂದ್ರೋದು, ನಾ ಎದ್ದು ಬಂದ್ರ "ನೀ ಮಲ್ಕೊ ಹೋಗವ್ವ, ನಿಂಗ ಮುಂಜಾನಿ ಡ್ಯೂಟಿ ಅದ" ಅನ್ನೋದು. ಡಾಕ್ಟರ್ ನೋಡಿ ಬಿಪಿ ಗುಳಿಗಿ ಬದಲಿ ಮಾಡಿದ್ರು, ನಿದ್ದಿ ಗುಳಿಗಿ ಈ ವಯಸ್ಸಿನಾಗ ದಿನಾ ಬ್ಯಾಡ ಅಂದ್ರು. ಹಿಂಗಿರುವಾಗ ಜೂನ್‌ನಾಗ ಮೊದಲ ಮಳಿ ಬಂದು ನಿಂತ ಒಂದ್ ಸಂಜಿಕ ಅಂಗಳದ ಗಂಧರಾಜದ ಗಿಡದಾಗ ನಾಕು ಹೂವ ಅರಳಿದ್ವು, ಅವ್ವ ಒಂದು ಕಿತ್ತು ತಲಿದಿಂಬಿನ ಬಾಜೂಕ ಇಟ್ಕೊಂಡು ಮಲಗಿದ್ಲು, ಆ ದಿನ ಎದ್ದಿದ್ದು ಮುಂಜಾನಿ ಐದಕ್ಕ. ಒಂದಿನದ ಮಾತು ಅಂತ ಬಿಟ್ಟೆ. ಆದ್ರ ಹೂವ ಇದ್ದ ದಿನ ಅಕಿ ಸಮಾಧಾನಲೆ ಮಲಗ್ತಾಳ ಅನ್ನೋದು ಬರಬರ್ತಾ ಕಣ್ಣಿಗಿ ಕಾಣ್ತು. ಹೂವೇನು ವರ್ಷ ಪೂರ್ತಿ ಇರಲ್ಲ, ಹಂಗಾಗಿ ಎಣ್ಣಿ ಮಾಡಿ ಇಟ್ಕೊಬೇಕು ಅಂತ ಶುರು ಮಾಡ್ದೆ. ಕಲಬುರಗಿ ಬಿಸಲಾಗ ಮೂರು ವರ್ಷದಿಂದ ಮಾಡ್ಲತ್ತೀನಿ, ಕೆಟ್ಟಿದ್ದೂ ಹೇಳ್ತೀನಿ, ಸರಿ ಹೋಗಿದ್ದೂ ಹೇಳ್ತೀನಿ.

ಮೊದಲು ಹೆಸರು. ಗಂಧರಾಜ ಅಂದ್ರ ಗಾರ್ಡೇನಿಯಾ, ಬೀದರ್ ಕಡಿ ಮರಾಠಿ ಮಾತಾಡೋರು ಅನಂತ ಅಂತಾರ. ಹಾರಕ್ಕ ಕಟ್ಟೋ ಉದ್ದ ದಂಟಿನ ಸುಗಂಧರಾಜ ಬ್ಯಾರೆ, ಅದು ಗಡ್ಡಿಲಿಂದ ಬರೋದು. ನಂದಿಬಟ್ಲ ಮತ್ತೂ ಬ್ಯಾರೆ. ನಮ್ಮ ಓಣ್ಯಾಗ ಇಬ್ಬರು ಗಂಧರಾಜ ಅಂತ ನಂದಿಬಟ್ಲ ತಂದು ಹಚ್ಚಿ ಎರಡು ವರ್ಷ ಕಾದಾರ ಪಾಪ, ನರ್ಸರ್‍ಯಾಗೇ ಒಂದು ಎಲಿ ಮುರಿದು ನೋಡ್ರಿ, ಹಾಲು ಬಂದ್ರ ಅದು ನಂದಿಬಟ್ಲ, ಗಂಧರಾಜದಾಗ ಹಾಲು ಬರಲ್ಲ. ಇದು ಕಾಫಿ ಗಿಡದ ಕುಟುಂಬದ್ದು, ಮೂಲ ಚೀನಾ, ಜಪಾನ್ ಕಡಿದು.

ಮೊದಲನೇ ವರ್ಷ ನಾನು ಸುಲಭದ ದಾರಿ ಹಿಡಿದಿದ್ದೆ. ಆನ್‌ಲೈನ್‌ನಾಗ ಪ್ಯೂರ್ ಗಾರ್ಡೇನಿಯಾ ಎಸೆನ್ಶಿಯಲ್ ಆಯಿಲ್ ಅಂತ ಸಣ್ಣ ಬಾಟ್ಲಿ 349 ರೂಪಾಯಿ ಕೊಟ್ಟು ತರಿಸ್ದೆ, ಕೊಬ್ಬರಿ ಎಣ್ಣ್ಯಾಗ ನಾಕು ಹನಿ ಹಾಕಿ ಮೊದಲು ನನ್ನ ಕುತ್ತಿಗಿಗೇ ಹಚ್ಕೊಂಡೆ, ಅವ್ವಗ ಹಚ್ಚಲಿಲ್ಲ ಅದೊಂದು ಪುಣ್ಯ. ರಾತ್ರಿ ಪೂರ್ತಿ ತಲಿನೋವು, ಮುಂಜಾನಿ ನೋಡಿದ್ರ ಕುತ್ತಿಗಿ ತುಂಬ ಕೆಂಪನ ದದ್ದು, ಹೋಗಲಿಕ್ಕ ಐದು ದಿನ ತೊಗೊಂತು. ಆಮ್ಯಾಲ ಓದಿ ತಿಳ್ಕೊಂಡೆ, ಈ ಹೂವ ಹಬಿ ಕೊಟ್ಟು ಭಟ್ಟಿ ಇಳಿಸಿದ್ರ ಮಾರೋವಷ್ಟು ಎಣ್ಣಿ ಬರಲ್ಲ, ಹೂವಿನ ಖರೇ ವಾಸನಿನೂ ಉಳಿಯಲ್ಲ. ಅಬ್ಸಲ್ಯೂಟ್ ಅಂತ, ವಾಸನಿ ಕರಗಿಸೋ ರಾಸಾಯನಿಕ (ಸಾಲ್ವೆಂಟ್) ಹಾಕಿ ತೆಗೆದದ್ದು ಸಿಗ್ತದ, ಆದ್ರ ಅದು ಭಾಳ ಅಪರೂಪ, ಭಾಳ ದುಬಾರಿ. ಮುನ್ನೂರು ನಾನೂರಕ್ಕ ಬರೋದು ಲ್ಯಾಬಿನಾಗ ಕೂಡಿಸಿದ ಸೆಂಟು. ಬಂದೇ ನವಾಜ್ ದರ್ಗಾದ ಹತ್ರ ಅತ್ತರ್ ಮಾರೋ ಚಾಚಾ ಒಬ್ಬರಿಗಿ ಕೇಳ್ದೆ, ಅವರಂತೂ ಸೀದಾ ಹೇಳಿದ್ರು, "ಬೇಟಾ, ಗುಲಾಬ್ ಇಳಿತದ, ಮೊಗರಾ ಇಳಿತದ, ಕೇವಡಾ ಇಳಿತದ, ನಿನ್ನ ಗಂಧರಾಜ ಭಟ್ಟ್ಯಾಗ ಇಳಿಯಲ್ಲ." ವ್ಯಾಪಾರ ಬಿಟ್ಟು ಖರೇ ಹೇಳಿದ್ರಲ್ಲ, ಅವರ ಮ್ಯಾಲ ನನಗ ಇವತ್ತಿಗೂ ಗೌರವ ಅದ.

ಅಂದ್ರ ಉಳಿದ ದಾರಿ ಒಂದೇ, ಹೂವಿನ ವಾಸನಿ ಎಣ್ಣಿಗಿ ಕುಡಿಸೋದು. ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಾಗ ಮೊನೊಯಿ ಅಂತ ಎಣ್ಣಿ ಮಾಡ್ತಾರ, ಅಲ್ಲಿ ಬೆಳೆಯೋ ತಿಯಾರೆ ಅನ್ನೋ ಗಾರ್ಡೇನಿಯಾ ಜಾತಿಯ ಹೂವ ಕೊಬ್ಬರಿ ಎಣ್ಣ್ಯಾಗ ನೆನೆ ಹಾಕೋದು, ಲೀಟರಿಗಿ ಕಮ್ಮಿ ಅಂದ್ರೂ 10 ಹೂವ ಇರಬೇಕು ಅಂತ ನಿಯಮನೇ ಅದ, 1992ರಿಂದ ಆ ಹೆಸರಿಗಿ ಅದು ಅಲ್ಲೀದೇ ಅನ್ನೋ ಸರ್ಕಾರಿ ಗುರುತು, ನಮ್ಮ ಜಿಐ ಟ್ಯಾಗಿನಂಥದ್ದು, ಸಿಕ್ಕದ. ನಮ್ಮ ದೇಶದಾಗ ಮಲ್ಲಿಗಿ ಎಣ್ಣಿಗಿ ಹೂವಿನ ಜೊತಿ ಎಳ್ಳು ಪದರ ಪದರ ಹಾಸಿ, ಎಳ್ಳು ವಾಸನಿ ಕುಡಿದ ಮ್ಯಾಲ ಗಾಣಕ್ಕ ಹಾಕೋದು ಹಳೇ ಪದ್ಧತಿ. ಅದನ್ನ ಮಾಡೋ ಆಸೆ ಭಾಳ ಇತ್ತು, ಆದ್ರ ಗಾಣದವರು 5 ಕೆಜಿಗಿಂತ ಕಮ್ಮಿ ಎಳ್ಳು ಹಾಕಲ್ಲ ಅಂದ್ರು, ದಿನಕ್ಕ ಐದಾರು ಹೂವ ಬಿಡೋ ಒಂದು ಗಿಡದಿಂದ ಅದು ಆಗೋ ಮಾತಲ್ಲ.

ಮೊದಲ ಸಲ ನಮ್ಮ ಮನಿ ಕುಸುಬಿ ಎಣ್ಣ್ಯಾಗ ಹಾಕಿದ್ದೆ, ಒಂದು ತಿಂಗಳದಾಗ ಕಮಟು ವಾಸನಿ ಹೊಡೀತು. ಎರಡನೇ ಸಲ ಮಳ್ಯಾಗ ತೊಯ್ದ ಹೂವ ಹಂಗೇ ಹಾಕಿ ಬರಣಿ ಬಿಸಲಾಗ ಇಟ್ಟೆ, ಮ್ಯಾಲ ಬೂಜು. ಎಲ್ಲಾ ಚೆಲ್ಲಿದೆ, ಅಳುನೇ ಬಂತು ನನಗ. ಈಗ ಮಾಡೋದು ಹಿಂಗ. ಬಿಳಿ ಎಳ್ಳಿನ ಗಾಣದ ಎಣ್ಣಿ 250 ಎಂಎಲ್, ಒಣ ಕಾಜಿನ ಬರಣಿ, ಬರಣ್ಯಾಗ ಒಂದು ಹನಿ ನೀರೂ ಇರಬಾರದು. ಸಂಜಿಕ ಅರಳಿದ ಬೆಳ್ಳಗಿನ ಹೂವ ಕಿತ್ತು (ಹಳದಿ ತಿರುಗಿದ್ದು ಬ್ಯಾಡ, ಅದರ ವಾಸನಿ ಕೊಳೆತಂಗ ಆಗ್ತದ) ಹಸಿರು ತೊಟ್ಟು ತೆಗೆದು ಎಸಳಷ್ಟೇ ಹತ್ತಿ ಬಟ್ಟಿ ಮ್ಯಾಲ ನೆರಳಾಗ ಐದಾರು ತಾಸು ಬಾಡಿಸ್ತೀನಿ, ಹೂವಿನ ನೀರು ಅಷ್ಟು ಹೋದ್ರೆನೇ ಎಣ್ಣಿ ಉಳಿಯೋದು. ಐದಾರು ಹೂವಿನ ಎಸಳು ಎಣ್ಣ್ಯಾಗ ಪೂರ್ತಿ ಮುಳುಗಬೇಕು, ಒಂದು ತುದಿ ಮ್ಯಾಲ ಬಂದ್ರೂ ಅಲ್ಲಿಂದನೇ ಬೂಜು ಶುರು. 24 ತಾಸಾದ ಮ್ಯಾಲ ಸೋಸಿ, ಹಿಂಡದೇ ಸೋಸಬೇಕು, ಅದೇ ಎಣ್ಣಿಗಿ ಮತ್ತ ಹೊಸ ಹೂವ. ಹಿಂಗ ಎಂಟತ್ತು ಸಲ. ಕಡೀಕ ಎರಡು ದಿನ ಅಲುಗಾಡಿಸದೇ ಇಟ್ರ ತಳದಾಗ ನೀರು ಕುಂದರ್ತದ, ಮ್ಯಾಲಿನ ಎಣ್ಣಿ ಮೆಲ್ಲಕ ಬ್ಯಾರೆ ಬಾಟ್ಲಿಗಿ ಬಗ್ಗಿಸಿ ತಳದ್ದು ಚೆಲ್ಲಿಬಿಡ್ತೀನಿ. ಕಂದು ಬಣ್ಣದ ಬಾಟ್ಲಿ, ಅಲಮಾರಿ ಒಳಗ, ನಾಕು ತಿಂಗಳದಾಗ ಮುಗಿಸೋದು. ಒಲಿ ಮ್ಯಾಲ ಮಾತ್ರ ಇಡಬ್ಯಾಡ್ರಿ, ಕಾಸಿದ್ರ ವಾಸನಿ ಹಾರಿ ಹೋಗಿ ಬರೇ ಎಳ್ಳೆಣ್ಣಿ ಉಳಿತದ. ಅಂಗಡಿ ಸೆಂಟಿನಂಗ ಘಮ್ ಅನ್ನಲ್ಲ ಇದು, ಅಂಗೈಯಾಗ ಹಾಕಿ ತಿಕ್ಕಿದಾಗ ಮೆಲ್ಲಕ ಬರ್ತದ, ಅದೇ ನನಗ ಸೇರೋದು.

ಗಿಡದ ಬಗ್ಗಿನೂ ಹೇಳಲೇಬೇಕು, ಯಾಕಂದ್ರ ಹೂವಿಲ್ಲದ ಎಣ್ಣಿ ಎಲ್ಲಿದು. ಗಂಧರಾಜಕ್ಕ ಹುಳಿ (ಆಮ್ಲದ ಅಂಶ ಇರೋ) ಮಣ್ಣು ಬೇಕು, ನಮ್ಮ ಎರಿ ಮಣ್ಣಾಗ ಸುಣ್ಣದ ಅಂಶ, ಬೋರಿನ ನೀರೂ ಗಡಸು, ಹಂಗಾಗಿ ಕಬ್ಬಿಣದ ಅಂಶ ಬೇರಿಗಿ ಸಿಗದೇ ಎಲಿ ಹಳದಿ ಆಗಿ ನರ ಅಷ್ಟೇ ಹಸಿರು ಉಳಿತಾವ. ನಮ್ಮ ವೈನಿ ತವರಮನಿ ಬೀದರ್, ಅಲ್ಲಿ ಜಂಬಿಟ್ಟಿಗಿಯ ಕೆಂಪು ಮಣ್ಣು ನಾಕು ಚೀಲ ತರಿಸಿ, ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಲಿಸಿ ದೊಡ್ಡ ಕುಂಡದಾಗ ಹಚ್ಚಿದ ಮ್ಯಾಲೇ ಗಿಡ ಚೇತರಿಸಿಕೊಂಡಿದ್ದು. ಮಾಳಿಗಿ ಮ್ಯಾಲಿನ ಮಳಿನೀರು ಡ್ರಮ್ಮಿನಾಗ ಹಿಡಿದು ಅದನ್ನೇ ಹಾಕ್ತೀನಿ. ಏಪ್ರಿಲ್ ಮೇ ದಾಗ 42 ಡಿಗ್ರಿ ಹೊಡೆದಾಗ ಮೊಗ್ಗು ಅರಳದೇ ಉದುರ್ತಾವ, ಹಸಿರು ನೆಟ್ ಕಟ್ಟಿ ನೆರಳು ಮಾಡಿದ್ರೂ ಅಷ್ಟಕ್ಕಷ್ಟೇ, ಖರೇ ಹೂವ ಜೂನ್ ಮಳಿ ಬಿದ್ದ ಮ್ಯಾಲ.

ಇನ್ನ ಉಪಯೋಗ. ರಾತ್ರಿ ಮಲಗೋ ಮುಂಚೆ ಒಂದು ಚಮಚಾ ಎಣ್ಣಿ ಅಂಗೈಯಾಗ ಬೆಚ್ಚಗ ಮಾಡಿ ಅವ್ವನ ನೆತ್ತಿಗಿ, ಕಿವಿ ಹಿಂದ, ಅಂಗಾಲಿಗಿ ಹತ್ತು ನಿಮಿಷ ತಿಕ್ಕತೀನಿ. ಹೂವಿನ ಕಾಲದಾಗ ಬಟ್ಟಲ ನೀರಾಗ ಎರಡು ಹೂವ ತೇಲಿ ಬಿಟ್ಟು ಕಿಡಕಿ ತೆಗೆದು ಇಡ್ತೀನಿ. ಅವ್ವ ಈಗೂ ಒಂದೊಂದು ರಾತ್ರಿ ಎದ್ದು ಕುಂದರ್ತಾಳ, ಆದ್ರ ವಾರಕ್ಕ ನಾಕೈದು ದಿನ ಪೂರ್ತಿ ನಿದ್ದಿ ಮಾಡ್ತಾಳ. ವಾಸನಿಯ ಜೊತಿ ಮಗಳ ಕೈ ತಲಿ ಮ್ಯಾಲ ಇರೋದೂ ಅದರಾಗ ಅದ, ಅದನ್ನ ನಾ ಮುಚ್ಚಿಡಲ್ಲ. ಬಿಪಿ ಗುಳಿಗಿ ಒಂದು ದಿನನೂ ತಪ್ಪಿಸಿಲ್ಲ.

ವಾಟ್ಸಾಪ್‌ನಾಗ ಗಂಧರಾಜ ಮೂಸಿದ್ರ ನಿದ್ದಿ ಗುಳಿಗಿ ಬ್ಯಾಡ, ವಿಜ್ಞಾನಿಗಳೇ ಹೇಳ್ಯಾರ ಅಂತ ಓಡಾಡ್ತದ. ಆ ಮಾತಿನ ಮೂಲ 2010ರಾಗ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ. ಅವರು ನೋಡಿದ್ದು ಹೂವ ಅಲ್ಲ, ಸೆಂಟಿನಾಗ ಹಾಕೋ ವರ್ಟಾಸೆಟಾಲ್ ಅನ್ನೋ ರಾಸಾಯನಿಕ ಮತ್ತ ಅದರಿಂದ ಮಾಡಿದ ಇನ್ನೊಂದು ಪದಾರ್ಥ, ಪಂಜರದಾಗ ಭಾಳ ದಟ್ಟಾಗಿ ಬಿಟ್ಟಾಗ ಇಲಿಗಳು ಮೂಲ್ಯಾಗ ಶಾಂತ ಕುಂತ್ವು. ಅದನ್ನ ಹಿಡ್ಕೊಂಡು ಮಂದಿ ಗುಳಿಗಿ ಬಿಟ್ರ ಏನಾಗಬೇಕು, ನನಗ ಭಾಳ ಸಿಟ್ಟು ಬರ್ತದ ಇಂಥಾ ಮೆಸೇಜ್ ನೋಡಿದ್ರ. ಚೀನಾ ವೈದ್ಯದಾಗ ಬಳಸೋದು ಈ ಗಿಡದ ಒಣ ಹಣ್ಣು, ಝಿ ಝಿ ಅಂತಾರ, ಕೇಸರ್ಯಾಗ ಇರೋ ಹಳದಿ ಬಣ್ಣ ಕ್ರೋಸಿನ್ ಅದರಾಗೂ ಅದ. ಅದಕ್ಕೂ ನಮ್ಮ ಹೂವಿನ ಎಣ್ಣಿಗೂ ಸಂಬಂಧ ಇಲ್ಲ, ಈ ಎಣ್ಣಿ ಕುಡಿಯೋದಲ್ಲ. ನಮ್ಮ ಕಾಡಿನ ಗಾರ್ಡೇನಿಯಾ ಜಾತಿಗಳ ಅಂಟು ಡಿಕ್ಕೆಮಲ್ಲಿ, ಹಿಂದಕ ಮಕ್ಕಳ ಹೊಟ್ಟಿ ಹುಳಕ್ಕ, ಹಲ್ಲು ಬರುವಾಗ ಕೊಡ್ತಿದ್ರು, ಈಗ ಕೂಸಿಗಿ ಡಾಕ್ಟರಿಗಿ ಕೇಳದೇ ಕೊಡಬ್ಯಾಡ್ರಿ.

ಎಣ್ಣಿ ಹಚ್ಚೋ ಮುಂಚೆ ಮೊಣಕೈ ಒಳಗಿನ ಕಡಿ ಒಂದು ಹನಿ ಹಚ್ಚಿ ಒಂದು ದಿನ ನೋಡ್ರಿ. ದಮ್ಮು ಇದ್ದೋರು, ಅರ್ಧ ತಲಿನೋವಿನೋರು ದೂರ ಇದ್ರೆನೇ ಛಲೋ, ನಮ್ಮ ವೈನಿಗಿ ಒಂದು ಹೂವ ಕ್ವಾಣ್ಯಾಗ ಇದ್ರೂ ತಲಿ ಹಿಡಿತದ, ಅವರು ಬಂದಾಗ ಬಟ್ಟಲ ಹೊರಗ ಕಟ್ಟಿ ಮ್ಯಾಲ. ಬಸುರಿ ಇದ್ದೋರು ಕೇಳಿ ಬಳಸ್ರಿ. ನಾಯಿ ಬೆಕ್ಕು ಗಿಡ ತಿಂದ್ರ ವಾಂತಿ ಮಾಡ್ತಾವ, ಗಿಡದ ಕುಂಡ ಎತ್ತರಕ್ಕ ಇಡ್ರಿ.

ಈ ಮಳಿಗಾಲದಾಗ ಗೇಣುದ್ದ ಎಂಟು ಕಟಿಂಗ್ ಹಚ್ಚೀನಿ, ಮ್ಯಾಲ ಪ್ಲಾಸ್ಟಿಕ್ ಹಾಳಿ ಮುಚ್ಚಿ. ಎರಡು ತಿಂಗಳಿಗಿ ಅದರಾಗ ಐದಕ್ಕ ಬೇರು ಬಂದಾವ. ಒಂದು ಆ ಅತ್ತರ್ ಚಾಚಾಗ ಕೊಡೋದು ಅಂತ ಅವ್ವನೇ ತೆಗೆದಿಟ್ಟಾಳ.