ಪತ್ತನಾಜೆಯ ನಂತರದ ಲಿನಕ್ಸ್: ಕಟಪಾಡಿಯ ಡಿಟಿಪಿ ಅಂಗಡಿಯೊಂದರ ಅನುಭವ

ಉಡುಪಿ ಬಳಿಯ ಕಟಪಾಡಿಯಲ್ಲಿರುವ ನನ್ನ ಸಣ್ಣ ಡಿಟಿಪಿ ಅಂಗಡಿಯ ಕೆಲಸ ನಡೆಯುವುದು ಪಂಚಾಂಗದ ಪ್ರಕಾರ. ದೀಪಾವಳಿಯ ನಂತರ ದೈವಾರಾಧನೆಯ ನೇಮೋತ್ಸವದ ಆಮಂತ್ರಣ, ಯಕ್ಷಗಾನ ಬಯಲಾಟದ ಹ್ಯಾಂಡ್‌ಬಿಲ್, ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಹತ್ತಾರು ಪುಟಗಳ ಪತ್ರಿಕೆ ಎಂದು ಊಟಕ್ಕೆ ಏಳಲೂ ಸಮಯವಿರುವುದಿಲ್ಲ. ಮೇ ತಿಂಗಳ ಕೊನೆಗೆ ತುಳುನಾಡಿನ ಉತ್ಸವಗಳಿಗೆ ತೆರೆ ಬೀಳುವ ದಿನವಾದ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಬಯೋಡೇಟಾ, ಅರ್ಜಿ ಮತ್ತು ಪಾಸ್‌ಪೋರ್ಟ್ ಫೋಟೋಗಳಷ್ಟೇ ಉಳಿಯುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದ್ದುದರಿಂದ, ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ನನ್ನ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ದಾರಿ ನೇರವಾಗಿ ಇಲ್ಲದ್ದರಿಂದ, ಆ ವರ್ಷದ ಪತ್ತನಾಜೆ ಕಳೆದ ಮೇಲೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಗೆ ಬದಲಾಗುವುದೆಂದು ನಿಶ್ಚಯಿಸಿದೆ.

ಮಿಂಟ್ ಅನುಸ್ಥಾಪನೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಷ್ಟ ಶುರುವಾದದ್ದು ಆಮೇಲೆ. ನಾನು ಮೊದಲು ಮಾಡಿದ ತಪ್ಪೆಂದರೆ, ಹಳೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೊಂದು ತಂತ್ರಾಂಶದ ಹೆಸರನ್ನೂ ಬರೆದುಕೊಂಡು, ಒಂದೊಂದಕ್ಕೂ ಬದಲಿ ಹುಡುಕುತ್ತ, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡದ್ದು. ಅಲ್ಲಿ ಒಂದೇ ತಂತ್ರಾಂಶ ಎಷ್ಟೋ ಸಲ ಎರಡು ರೂಪಗಳಲ್ಲಿ ಕಾಣುತ್ತದೆ: ಒಂದು ಸಿಸ್ಟಮ್ ಪ್ಯಾಕೇಜ್, ಇನ್ನೊಂದು ಫ್ಲಾಟ್‌ಪ್ಯಾಕ್. ಫ್ಲಾಟ್‌ಪ್ಯಾಕ್‌ನಲ್ಲಿ ಹೊಸ ಆವೃತ್ತಿ ಬೇಗ ಸಿಗುತ್ತದೆಯಾದರೂ ಅದಕ್ಕೆ ಬೇಕಾದ ಪರಿಕರಗಳೂ ಜೊತೆಗೇ ಬರುವುದರಿಂದ ಡೌನ್‌ಲೋಡ್ ದೊಡ್ಡದು. ಇದನ್ನು ತಿಳಿಯದೆ ಎರಡನ್ನೂ ಹಾಕಿಕೊಂಡು, ಮೆನುವಿನಲ್ಲಿ ಒಂದೇ ಚಿತ್ರ ಎರಡೆರಡು ಸಲ ಕಾಣುವಂತೆ ಮಾಡಿಕೊಂಡೆ. ನಂತರ ಎಲ್ಲವನ್ನೂ ತೆಗೆದು, ಒಂದು ವಾರ ಅಂಗಡಿಗೆ ಬಂದವರು ಏನು ಕೇಳಿದರು ಎಂಬುದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂವತ್ತಕ್ಕೂ ಹೆಚ್ಚು ತಂತ್ರಾಂಶಗಳಿದ್ದ ಪಟ್ಟಿ, ಕೆಲಸಗಳ ಲೆಕ್ಕದಲ್ಲಿ ಆರೇ ಆಯಿತು.

ಮೊದಲ ಕೆಲಸ ಕನ್ನಡ ಟೈಪಿಂಗ್. ನನ್ನ ಬೆರಳುಗಳಿಗೆ ಗೊತ್ತಿರುವುದು ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ವಿನ್ಯಾಸವೊಂದೇ. ಈ ವಯಸ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ ಕಲಿಯುವ ತಾಳ್ಮೆ ನನಗಿಲ್ಲ. ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜುಗಳನ್ನು ಹಾಕಿ, ಒಮ್ಮೆ ಲಾಗ್ ಔಟ್ ಆಗಿ ಬಂದು ನೋಡಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಇತ್ತು. ಎಫ್ ಒತ್ತಿದರೆ ಒತ್ತಕ್ಷರ ಬರುವ ಅಭ್ಯಾಸವೂ ಹಾಗೇ ಉಳಿಯಿತು. ಲಾಗ್ ಔಟ್ ಆಗಬೇಕೆಂಬುದು ಗೊತ್ತಿಲ್ಲದೆ ಒಂದು ಮಧ್ಯಾಹ್ನ ವ್ಯರ್ಥವಾಯಿತೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ನಿಜವಾದ ತೊಡಕು ಹೊಸ ತಂತ್ರಾಂಶಗಳದ್ದಾಗಿರಲಿಲ್ಲ, ನನ್ನದೇ ಹಳೆಯ ಕಡತಗಳದ್ದಾಗಿತ್ತು. ನಮ್ಮ ಕರಾವಳಿಯಲ್ಲಿ ನೇಮದ ಆಮಂತ್ರಣವನ್ನು ಪ್ರತಿ ವರ್ಷ ಹೊಸದಾಗಿ ಯಾರೂ ಬರೆಸುವುದಿಲ್ಲ. ಕಳೆದ ವರ್ಷದ್ದನ್ನೇ ತೆರೆದು ತಾರೀಕು, ತಿಥಿ ಮತ್ತು ಸಮಿತಿಯವರ ಹೆಸರುಗಳನ್ನು ಬದಲಿಸುವುದು ರೂಢಿ. ಹಾಗೆ ಕೂಡಿಟ್ಟ ನೂರಾರು ಕಡತಗಳು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಏಕರೂಪದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಇದ್ದವು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡ ಎಂಬುದೇ ಇಲ್ಲ. ಒಳಗಿರುವುದು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಲಾಗಿದೆ, ಅಷ್ಟೆ. ಫಾಂಟ್ ಇಲ್ಲದ ಕಡೆ ತೆರೆದರೆ 'ಶ್ರೀ' ಇದ್ದ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ.

ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸಿನ 'ಡ್ರಾ' ವಿಭಾಗ ಪೇಜ್‌ಮೇಕರ್ ಕಡತಗಳನ್ನು ತೆರೆಯಬಲ್ಲದೆಂದು ತಿಳಿದಾಗ ಬಹಳ ಸಂತೋಷವಾಗಿತ್ತು, ಆದರೆ ನನ್ನ ಕಡತಗಳ ಮಟ್ಟಿಗೆ ಪುಟದ ಜೋಡಣೆ ಅಸ್ತವ್ಯಸ್ತವಾಗಿಯೇ ಬಂತು. ಹಾಗಾಗಿ ಜೋಡಣೆಯ ಆಸೆ ಬಿಟ್ಟು, ಪೇಜ್‌ಮೇಕರ್ ಇರುವ ಇನ್ನೊಂದು ಹಳೆಯ ಕಂಪ್ಯೂಟರಿನಲ್ಲೇ ಪಠ್ಯವನ್ನು ಮಾತ್ರ ಹೊರತೆಗೆದು, ಬ್ರೌಸರಿನಲ್ಲಿ ನಡೆಯುವ ಮುಕ್ತ ಪರಿವರ್ತಕವೊಂದಕ್ಕೆ ಕೊಟ್ಟು ಯೂನಿಕೋಡ್ ಮಾಡಿಕೊಂಡೆ. ಇಲ್ಲಿ ಕಣ್ಣಿಟ್ಟು ನೋಡಬೇಕಾದ ಜಾಗಗಳು ಎರಡು. ಹಳೆಯ ಫಾಂಟಿನಲ್ಲಿ 'ಧರ್ಮದರ್ಶಿ' ಎಂಬಲ್ಲಿನ ಅರ್ಕಾವೊತ್ತು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಪರಿವರ್ತಕ ಇದನ್ನು ತಾನೇ ಸರಿಪಡಿಸುತ್ತದಾದರೂ, ಟೈಪ್ ಮಾಡಿದವರು ಗುಣಿತವನ್ನು ಹಿಂದೆಮುಂದೆ ಒತ್ತಿದ್ದರೆ ಅಲ್ಲಿ ಎಡವುತ್ತದೆ. ಎರಡನೆಯದು, ನಡುವೆ ಇರುವ ಇಂಗ್ಲಿಷ್. ದೈವಸ್ಥಾನವೊಂದರ ಇ-ಮೇಲ್ ವಿಳಾಸ ಕನ್ನಡದ ಯಾವುದೋ ಅರ್ಥವಿಲ್ಲದ ಅಕ್ಷರಗಳಾಗಿ ಬದಲಾಗಿ, ಕರಡಚ್ಚಿನಲ್ಲಿ ನನ್ನ ಕಣ್ಣನ್ನೂ ತಪ್ಪಿಸಿತ್ತು. ಸಮಿತಿಯ ಕಾರ್ಯದರ್ಶಿಯವರು 'ಇದು ಎಂತ ಮಾರಾಯ್ರೆ, ಮಂತ್ರವಾ?' ಎಂದು ಕೇಳಿದಾಗಲೇ ಗೊತ್ತಾದದ್ದು. ಕಡತವೇ ಕಳೆದುಹೋಗಿ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದ ಕೆಲವಕ್ಕೆ, ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರಗಳನ್ನು ಓದುವ ಟೆಸ್ಸರಾಕ್ಟ್ ಬಳಸಿದೆ. ಅದರ ಕನ್ನಡ ದತ್ತಾಂಶವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಬಿಳಿ ಹಾಳೆಯ ಕಪ್ಪು ಅಚ್ಚನ್ನು ಚೆನ್ನಾಗಿಯೇ ಓದುತ್ತದೆ, ಆದರೆ ಹಳದಿ ಹಿನ್ನೆಲೆಯ ಮೇಲೆ ಕೆಂಪಿನಲ್ಲಿ ಅಚ್ಚಾದ ನಮ್ಮ ಆಮಂತ್ರಣಗಳ ಒತ್ತಕ್ಷರಗಳಲ್ಲಿ ತಡವರಿಸುತ್ತದೆ.

ಪುಟವಿನ್ಯಾಸಕ್ಕೆ ಆರಿಸಿಕೊಂಡದ್ದು ಸ್ಕ್ರೈಬಸ್. ಇದನ್ನು ಬಹಳ ವರ್ಷಗಳ ಹಿಂದೆ ಒಮ್ಮೆ ನೋಡಿ ಕೈಬಿಟ್ಟಿದ್ದೆ, ಏಕೆಂದರೆ ಆಗಿನ 1.4 ಆವೃತ್ತಿಗೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ತಿಳಿಯದೆ ಒತ್ತಕ್ಷರಗಳು ಒಡೆದು ನಿಲ್ಲುತ್ತಿದ್ದವು. 1.5ರ ಸರಣಿಯಲ್ಲಿ ಆ ಶಕ್ತಿ ಬಂದು, 2024ರ 1.6ರಲ್ಲಿ ಅದು ಸ್ಥಿರ ಆವೃತ್ತಿಯಾಯಿತು. ಪರೀಕ್ಷೆಗೆಂದು 'ಬ್ರಹ್ಮಕಲಶೋತ್ಸವ' ಎಂದು ಅರವತ್ತು ಪಾಯಿಂಟಿನಲ್ಲಿ ಹೊಡೆದು, ಹಕಾರದ ಅಡಿಯಲ್ಲಿ ಮಕಾರದ ಒತ್ತು ತನ್ನ ಜಾಗದಲ್ಲೇ ಕೂತದ್ದನ್ನು ನೋಡಿದ ಮೇಲೆಯೇ ಈ ಬದಲಾವಣೆ ನಡೆದೀತು ಎಂಬ ಧೈರ್ಯ ಬಂತು. ಶೀರ್ಷಿಕೆಗೆ ಬಾಲೂ ತಮ್ಮ, ಒಳಗಿನ ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ ಬಳಸುತ್ತೇನೆ, ಎರಡೂ ಉಚಿತ. ಅಲಂಕಾರಿಕ ಫಾಂಟುಗಳ ಸಂಖ್ಯೆ ಮಾತ್ರ ಹಳೆಯ ಲೋಕದ ಮುಂದೆ ತೀರಾ ಕಡಿಮೆ, ಮತ್ತು ಹ್ಯಾಂಡ್‌ಬಿಲ್ಲಿನ ಗಿರಾಕಿಗಳು ಅದನ್ನು ಕೂಡಲೇ ಗುರುತಿಸುತ್ತಾರೆ. ಹಾಗಾಗಿ ದೊಡ್ಡ ಶೀರ್ಷಿಕೆಗಳನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ರೇಖೆಗಳಾಗಿ ಬದಲಿಸಿ, ನೆರಳು, ಅಂಚು ಕೊಟ್ಟು ತರುತ್ತೇನೆ.

ಆಫ್‌ಸೆಟ್ ಕೆಲಸ ಹೋಗುವುದು ಮಂಗಳೂರಿನ ಒಂದು ಮುದ್ರಣಾಲಯಕ್ಕೆ. ಅಲ್ಲಿನವರು ಅಷ್ಟು ವರ್ಷ ಕೇಳುತ್ತಿದ್ದದ್ದು ಕೋರೆಲ್ ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಕಡತವನ್ನು. ಇಂಕ್‌ಸ್ಕೇಪ್ ಪರದೆಯ ಆರ್‌ಜಿಬಿ ಬಣ್ಣಗಳಲ್ಲಿ ಕೆಲಸ ಮಾಡುವುದರಿಂದ ಅದರ ಪಿಡಿಎಫ್ ಅನ್ನು ನೇರವಾಗಿ ಕಳುಹಿಸಿದಾಗ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣವಾಗಿ ಬಂತು. ಈಗ ಚಿತ್ರಗಳನ್ನೆಲ್ಲ ಸ್ಕ್ರೈಬಸ್ಸಿಗೆ ತಂದು, ಬಣ್ಣಗಳನ್ನು ಅಲ್ಲಿ ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ಮೌಲ್ಯಗಳಲ್ಲಿ ಹೊಸದಾಗಿ ಕೊಟ್ಟು, ಫಾಂಟುಗಳನ್ನು ಔಟ್‌ಲೈನ್ ಮಾಡಿ (ಅಂದರೆ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ) ಪಿಡಿಎಫ್ ತೆಗೆಯುತ್ತೇನೆ. 'ಅಕ್ಷರ ಎಲ್ಲ ಸರಿ ಉಂಟು, ಆದ್ರೆ ತಿದ್ದಲಿಕ್ಕೆ ಆಗುದಿಲ್ಲ' ಎಂದು ಅವರು ಮೊದಮೊದಲು ಗೊಣಗಿದ್ದರು. ಕೊನೆಯ ಗಳಿಗೆಯಲ್ಲಿ ಅಲ್ಲಿ ಯಾರೂ ತಿದ್ದಬಾರದೆಂಬುದೇ ನನ್ನ ಬಹುಕಾಲದ ಆಸೆಯಾಗಿತ್ತಾದ್ದರಿಂದ ಮರುಮಾತಾಡಲಿಲ್ಲ.

ಉಳಿದವು ಸುಲಭ. ಬಯೋಡೇಟಾ ಮತ್ತು ಅರ್ಜಿಗಳಿಗೆ ಲಿಬ್ರೆ ಆಫೀಸ್ ರೈಟರ್ ಸಾಕು. ಬೇರೆಡೆ ಕ್ಯಾಲಿಬ್ರಿ ಫಾಂಟಿನಲ್ಲಿ ಮಾಡಿ ತಂದ ಕಡತದ ಸಾಲುಗಳು ಮುಂದಿನ ಪುಟಕ್ಕೆ ಜಾರದಿರಲು ಅದೇ ಅಳತೆಯ ಕಾರ್ಲಿಟೊ ಫಾಂಟ್ ಇರಬೇಕು. ಪಿಡಿಎಫ್ ಪುಟಗಳನ್ನು ಕೂಡಿಸಲು, ಬೇರ್ಪಡಿಸಲು ಪಿಡಿಎಫ್ ಅರೇಂಜರ್. ಪಾಸ್‌ಪೋರ್ಟ್ ಫೋಟೋವನ್ನು ಗಿಂಪ್‌ನಲ್ಲಿ 35×45 ಮಿಲಿಮೀಟರಿಗೆ ಕತ್ತರಿಸಿ, ಸ್ಕ್ರೈಬಸ್ಸಿನಲ್ಲಿ ನಕಲು ಮಾಡಿದರೆ 4×6 ಇಂಚಿನ ಹಾಳೆಯಲ್ಲಿ ಎಂಟು ಕೂರುತ್ತವೆ. ಅಂಗಡಿಯ ಲೆಕ್ಕಕ್ಕೆ ಲಿಬ್ರೆ ಆಫೀಸಿನದೇ ಕ್ಯಾಲ್ಕ್.

ಸೋತದ್ದು ಪ್ರಿಂಟರಿನಲ್ಲಿ. ವೈಫೈ ಇರುವ ಕಲರ್ ಪ್ರಿಂಟರನ್ನು ಮಿಂಟ್ ತಾನಾಗಿಯೇ ಗುರುತಿಸಿತು, ಯಾವ ಡ್ರೈವರನ್ನೂ ಕೇಳಲಿಲ್ಲ. ದಿನವಿಡೀ ಜೆರಾಕ್ಸಿನಂತೆ ದುಡಿಯುವ ಹಳೆಯ ಕಪ್ಪು-ಬಿಳುಪು ಲೇಸರ್ ಪ್ರಿಂಟರಿಗೆ ಮಾತ್ರ ಎರಡು ದಿನ ಹೆಣಗಾಡಿದರೂ ಒಂದು ಪುಟ ಬಂದು ಮುಂದಿನದಕ್ಕೆ ನಿಂತುಬಿಡುತ್ತಿತ್ತು. ಕೊನೆಗೆ ಅದನ್ನೂ ಪೇಜ್‌ಮೇಕರ್ ಇರುವ ಆ ಹಳೆಯ ಕಂಪ್ಯೂಟರನ್ನೂ ಮೂಲೆಯ ಮೇಜಿನ ಮೇಲೆ ಜೋಡಿಸಿ, ಇಂಟರ್ನೆಟ್ ತೆಗೆದು, ಪೆನ್‌ಡ್ರೈವಿನಲ್ಲಿ ಪಿಡಿಎಫ್ ಒಯ್ದು ಮುದ್ರಿಸುತ್ತಿದ್ದೇನೆ. ನೂರಾರು ಕಡತಗಳಲ್ಲಿ ಯೂನಿಕೋಡಿಗೆ ಬಂದಿರುವುದು ಇನ್ನೂ ಅರ್ಧವೂ ಅಲ್ಲ. ಆಯಾ ದೈವಸ್ಥಾನದವರು ಈ ವರ್ಷದ ತಾರೀಕು ಹಿಡಿದುಕೊಂಡು ಬಂದಾಗ, ಅವರದ್ದನ್ನು ಆ ಮೂಲೆಯ ಕಂಪ್ಯೂಟರಿನಿಂದ ಹೊರತೆಗೆದು ಬದಲಿಸಿ ಕೊಡುತ್ತೇನೆ.