ಕಡಿಮೆ ಖರ್ಚಿನಲ್ಲಿ ಮನೆ ಬಿಯರ್‌ಗೆ ಕೆಗ್: ಎಲ್ಲಿ ಕಾಸು ಉಳಿಸಿದೆ, ಎಲ್ಲಿ ಉಳಿಸಲಿಲ್ಲ

ಮನೆಯಲ್ಲಿ ಬಿಯರ್ ಮಾಡುವವರು ಕೆಗ್ (ಬಿಯರ್ ತುಂಬಿಡೋ, ಒತ್ತಡ ತಡೆಯೋ ದೊಡ್ಡ ಡಬ್ಬ) ಕಡೆ ತಿರುಗೋದಕ್ಕೆ ಮುಖ್ಯ ಕಾರಣ ಬಾಟಲಿ ತೊಳೆದು ತೊಳೆದು ಸಾಕಾಗೋದು. 19 ಲೀಟರ್ ಬಿಯರ್ ಅಂದರೆ 330 ಎಂಎಲ್‌ನ 57 ಬಾಟಲಿ. ಒಂದೊಂದನ್ನೂ ತೊಳೆಯಬೇಕು, ಸ್ಯಾನಿಟೈಸ್ ಮಾಡಬೇಕು, ತುಂಬಿ ಮುಚ್ಚಳ ಒತ್ತಬೇಕು, ಆಮೇಲೆ ಗ್ಯಾಸ್ ಹಿಡಿಯಲಿ ಅಂತ ವಾರಗಟ್ಟಲೆ ಕಾಯಬೇಕು. ಕೆಗ್ ಆದರೆ ತೊಳೆಯೋದು ಒಂದೇ ಡಬ್ಬ, ಸಿಲಿಂಡರ್‌ನಿಂದ ಬರೋ ಕಾರ್ಬನ್ ಡೈಆಕ್ಸೈಡ್ ಗ್ಯಾಸೇ ಬಿಯರ್‌ನಲ್ಲಿ ಕರಗಿ, ಅದನ್ನು ಟ್ಯಾಪ್‌ಗೂ ತಳ್ಳುತ್ತದೆ. ನನಗೂ ಇದೇ ಕಾರಣ. ಆದರೆ ಹೊಸ ಸೆಟ್ ಒಟ್ಟಿಗೆ ಕೊಂಡರೆ ಕೈ ಸುಡುತ್ತದೆ, ಹಾಗಾಗಿ ಬಿಡಿಬಿಡಿಯಾಗಿ ಕೂಡಿಸಿಕೊಂಡೆ. ಹಾಗೆ ಮಾಡುವಾಗ ಗೊತ್ತಾಗಿದ್ದು ಇಷ್ಟು: ದೊಡ್ಡದಾಗಿ ಕಣ್ಣಿಗೆ ಕಾಣೋ ವಸ್ತುಗಳಲ್ಲಿ ಉಳಿಸಬಹುದು, ಚಿಕ್ಕ ರಬ್ಬರ್ ರಿಂಗ್‌ಗಳಲ್ಲಿ ಉಳಿಸಬಾರದು.

ಮೊದಲು ಕೆಗ್. ಹೋಮ್‌ಬ್ರೂ ಮಾಡುವವರು ಹೆಚ್ಚಾಗಿ ಬಳಸೋದು ಕಾರ್ನೆಲಿಯಸ್ ಕೆಗ್, ಎಲ್ಲರ ಬಾಯಲ್ಲಿ ಕಾರ್ನಿ. ಸುಮಾರು 19 ಲೀಟರ್ ಹಿಡಿಯುತ್ತದೆ. ಇವು ಒಂದು ಕಾಲದಲ್ಲಿ ಸೋಡಾ ಮೆಷಿನ್‌ಗಳಿಗೆ ಸಿರಪ್ ತುಂಬಿಸಿಡುತ್ತಿದ್ದ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಗಳು. ಸೋಡಾ ಕಂಪನಿಗಳು ಬೇರೆ ಪದ್ಧತಿಗೆ ಹೋದ ಮೇಲೆ ಹಳೆಯವು ಸೆಕೆಂಡ್‌ಹ್ಯಾಂಡ್ ಆಗಿ ಹೊರಗೆ ಬಂದವು. ಇವುಗಳಲ್ಲಿ ಎರಡು ಬಗೆ, ಬಾಲ್ ಲಾಕ್ ಮತ್ತು ಪಿನ್ ಲಾಕ್. ಬಾಲ್ ಲಾಕ್ ಎತ್ತರ, ಸಪೂರ. ಪಿನ್ ಲಾಕ್ ಗಿಡ್ಡ, ಸ್ವಲ್ಪ ದಪ್ಪ. ಒಂದರ ಕನೆಕ್ಟರ್ (ಪೈಪನ್ನು ಕೆಗ್‌ಗೆ ಸೇರಿಸೋ ಭಾಗ) ಇನ್ನೊಂದಕ್ಕೆ ಕೂರೋದಿಲ್ಲ, ಅದಕ್ಕೇ ಶುರುವಿನಲ್ಲೇ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ನಾನು ಬಾಲ್ ಲಾಕ್ ತೆಗೆದುಕೊಂಡೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ ಅನ್ನೋದೊಂದೇ ಕಾರಣ. ಹೊರಗಿನ ಗೀರು, ಸಣ್ಣ ತಗ್ಗು, ಹರಿದ ಸ್ಟಿಕ್ಕರ್ ಇವನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ಮುಚ್ಚಳ ಕೂರೋ ಬಾಯಿಯ ಸುತ್ತ ಬೆರಳಾಡಿಸಿ ನೋಡಿ. ಅಲ್ಲಿ ನೆಗ್ಗಿದ್ದರೆ ಆ ಕೆಗ್ ಬೇಡ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಒಳಗೆ ಟಾರ್ಚ್ ಬಿಟ್ಟು ತುಕ್ಕಿನ ಗುಳಿ ಇದೆಯಾ ಅಂತಲೂ ನೋಡಿ.

ಹಳೆ ಕೆಗ್ ಮನೆಗೆ ಬಂದ ಕೂಡಲೇ ಮೊದಲು ಒತ್ತಡ ಬಿಡಿ. ಎಷ್ಟೋ ಕೆಗ್‌ಗಳಲ್ಲಿ ಹಳೆ ಗ್ಯಾಸ್ ಇನ್ನೂ ತುಂಬಿರುತ್ತದೆ. ಮುಚ್ಚಳದ ಮೇಲಿನ ರಿಲೀಫ್ ವಾಲ್ವ್ ಎಳೆದು, ಬುಸ್ ಅನ್ನೋ ಸದ್ದು ಪೂರ್ತಿ ನಿಂತ ಮೇಲೆಯೇ ಬಿಚ್ಚೋ ಕೆಲಸ. ಆಮೇಲೆ ಸ್ಪ್ಯಾನರ್ ಹಾಕಿ ಎರಡೂ ಪೋಸ್ಟ್ (ಗ್ಯಾಸ್ ಒಳಗೆ, ಬಿಯರ್ ಹೊರಗೆ ಹೋಗೋ ಬಾಯಿಗಳು) ಬಿಚ್ಚಿದೆ, ಒಳಗಿನ ಪಾಪೆಟ್ (ಸ್ಪ್ರಿಂಗ್ ಇರೋ ಪುಟ್ಟ ವಾಲ್ವ್) ತೆಗೆದೆ, ಕೆಗ್ ಒಳಗೆ ಇಳಿಯೋ ಕೊಳವೆ, ಅಂದರೆ ಡಿಪ್ ಟ್ಯೂಬ್ ಎಳೆದೆ. ಎಲ್ಲವನ್ನೂ ಬಿಸಿನೀರು ಮತ್ತು ಸೋಡಿಯಂ ಪರ್ಕಾರ್ಬೊನೇಟ್ ಅನ್ನೋ ತೊಳೆಯೋ ಪುಡಿಯಲ್ಲಿ ನೆನೆಸಿಟ್ಟೆ. ಬ್ಲೀಚ್ ಬೇಡವೇ ಬೇಡ, ಅದರಲ್ಲಿರೋ ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಬಿಚ್ಚುವಾಗ ಯಾವ ಪೋಸ್ಟ್ ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳಿ. ಗ್ಯಾಸ್ ಪೋಸ್ಟ್‌ನ ಬುಡದಲ್ಲಿ ಸಣ್ಣ ಕಚ್ಚು ಇರುತ್ತದೆ, ಬಿಯರ್ ಪೋಸ್ಟ್‌ನಲ್ಲಿ ಇರೋದಿಲ್ಲ. ಕನೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಬೂದು ಬಣ್ಣದ್ದು ಗ್ಯಾಸಿಗೆ, ಕಪ್ಪು ಬಿಯರ್‌ಗೆ. ತಪ್ಪು ಪೋಸ್ಟ್‌ಗೆ ಒತ್ತಿ ಕೂರಿಸಿದರೆ ಮತ್ತೆ ಕೀಳೋದು ದೊಡ್ಡ ರಾಮಾಯಣ.

ಈಗ ರಬ್ಬರ್ ರಿಂಗ್ ವಿಷಯ. ಒಂದು ಕಾರ್ನಿ ಕೆಗ್‌ನಲ್ಲಿ ಐದು ಓ-ರಿಂಗ್ ಇರುತ್ತವೆ: ಮುಚ್ಚಳಕ್ಕೆ ದೊಡ್ಡದೊಂದು, ಪೋಸ್ಟ್‌ಗಳಿಗೆ ಎರಡು, ಡಿಪ್ ಟ್ಯೂಬ್‌ಗಳಿಗೆ ಎರಡು. ನೋಡೋಕೆ ಚೆನ್ನಾಗಿಯೇ ಇವೆ ಅಲ್ವಾ ಅಂತ ಹಳೆಯವನ್ನು ಉಳಿಸಿಕೊಳ್ಳಬೇಡಿ. ಸೋಡಾ ಸಿರಪ್ಪಿನ ವಾಸನೆ ಸ್ಟೀಲಿನಿಂದ ಹೋಗುತ್ತದೆ, ರಬ್ಬರಿನಿಂದ ಹೋಗೋದಿಲ್ಲ. ಪೂರ್ತಿ ಸೆಟ್ ಕೆಗ್‌ನ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. ಹಾಕುವ ಮೊದಲು ಆಹಾರಕ್ಕೆ ಬಳಸೋ ಸಿಲಿಕೋನ್ ಗ್ರೀಸನ್ನು ಎರಡು ಬೆರಳಿನ ಮಧ್ಯೆ ಹಾಕಿ, ರಿಂಗ್ ಮಿಂಚೋ ಅಷ್ಟು ಮಾತ್ರ ಸವರಿ. ಜಾಸ್ತಿ ಮೆತ್ತಿದರೆ ಬಿಯರ್‌ಗೆ ಇಳಿದು ನೊರೆ ಸಾಯುತ್ತದೆ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ಮೈಮೇಲೆ ಒತ್ತಿರೋ ಪರೀಕ್ಷೆಯ ತಾರೀಖು ನೋಡಿಯೇ ತೆಗೆದುಕೊಳ್ಳಿ. ಅವಧಿ ಮುಗಿದಿದ್ದರೆ ಗ್ಯಾಸ್ ತುಂಬುವವರು ಮುಟ್ಟೋದಿಲ್ಲ, ಮರುಪರೀಕ್ಷೆಯ ಖರ್ಚು ನಿಮ್ಮ ತಲೆಗೆ. ನನ್ನದು ಚಿಕ್ಕದು, 2.27 ಕೆಜಿ ಗ್ಯಾಸ್ ಹಿಡಿಯೋದು. ಒಂದು ಕೆಗ್‌ಗೆ ಬಿಯರ್‌ನಲ್ಲಿ ಕರಗೋದು, ಬಿಯರನ್ನು ಹೊರಗೆ ತಳ್ಳೋದು, ಕೆಗ್ ಒಳಗಿನ ಗಾಳಿ ಓಡಿಸೋದು ಎಲ್ಲ ಸೇರಿಸಿದರೂ ಸುಮಾರು 200 ಗ್ರಾಂ ಲೆಕ್ಕ ಬರುತ್ತದೆ. ಅಂದರೆ ಸೋರಿಕೆ ಇಲ್ಲದಿದ್ದರೆ ಹತ್ತು ಕೆಗ್ ಆರಾಮಾಗಿ ಆಗುತ್ತದೆ. ಸೋರಿಕೆ ಇದ್ದರೆ ರಾತ್ರೋರಾತ್ರಿ ಪೂರ್ತಿ ಖಾಲಿ.

ರೆಗ್ಯುಲೇಟರ್ ಮಾತ್ರ ಹೊಸದು ಕೊಂಡೆ. ಇಲ್ಲಿ ಕಾಸಿಗೆ ತಕ್ಕ ಕಜ್ಜಾಯ. ಸಿಲಿಂಡರ್ ಒಳಗೆ 20 ಡಿಗ್ರಿಯಲ್ಲಿ 800 ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಅಳತೆ) ಜಾಸ್ತಿ ಒತ್ತಡ ಇರುತ್ತದೆ, ಕೆಗ್‌ಗೆ ಬೇಕಿರೋದು ಹತ್ತು ಹನ್ನೆರಡು. ಈ ಎರಡರ ನಡುವೆ ನಿಂತಿರೋದು ಅದೊಂದೇ. ಸೇಫ್ಟಿ ವಾಲ್ವ್ ಇಲ್ಲದ್ದು, ಒತ್ತಡ ತೋರಿಸೋ ಮುಳ್ಳು ತಾನಾಗಿ ಮೇಲೇರುತ್ತಾ ಹೋಗೋದು ಬೇಡ.

ಹೊಸಬರು ಗಾಬರಿಯಾಗೋ ಒಂದು ವಿಷಯ ಹೇಳಿಬಿಡುತ್ತೇನೆ. ಸಿಲಿಂಡರ್ ಒಳಗೆ ಗ್ಯಾಸ್ ದ್ರವರೂಪದಲ್ಲಿರುತ್ತದೆ. ಆ ದ್ರವ ಇರೋವರೆಗೂ ಒತ್ತಡ ಒಂದೇ ಸಮ, ಹಾಗಾಗಿ ಸಿಲಿಂಡರ್ ಒತ್ತಡ ತೋರಿಸೋ ಮುಳ್ಳು ಅಲ್ಲಾಡೋದಿಲ್ಲ. ಅದು ಇಳಿಯೋಕೆ ಶುರುವಾದರೆ ಮುಗಿಯಿತು ಅಂತಲೇ ಅರ್ಥ. ಫ್ರಿಜ್ ಒಳಗಿಟ್ಟರೆ ತಣ್ಣಗಾಗಿ 560 ಪಿಎಸ್‌ಐ ಆಸುಪಾಸಿಗೆ ಬರುತ್ತದೆ, ಅದು ಸೋರಿಕೆ ಅಲ್ಲ. ಎಷ್ಟು ಉಳಿದಿದೆ ಅಂತ ತಿಳಿಯೋಕೆ ತಕ್ಕಡಿಯೇ ಸರಿ. ಖಾಲಿ ಸಿಲಿಂಡರ್ ತೂಕ ಅದರ ಮೇಲೆಯೇ ಒತ್ತಿರುತ್ತದೆ, ಕಳೆದರೆ ಆಯಿತು. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಬೀಳದ ಹಾಗೆ ಕಟ್ಟಿರಲಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಇಡಬೇಡಿ, ಸೋರಿದ ಕಾರ್ಬನ್ ಡೈಆಕ್ಸೈಡ್ ಕೆಳಗೆ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ.

ಸೋರಿಕೆ ಪರೀಕ್ಷೆ ನಾನು ಖಾಲಿ ಕೆಗ್ ಮೇಲೆ ಮಾಡುತ್ತೇನೆ. ಬಿಯರ್ ಇದ್ದರೆ ಅದು ಗ್ಯಾಸ್ ಹೀರಿಕೊಳ್ಳುತ್ತಾ ಇರುತ್ತದೆ, ಮುಳ್ಳು ಇಳಿದಿದ್ದು ಸೋರಿಯೋ ಹೀರಿಯೋ ಅಂತ ತಿಳಿಯೋದಿಲ್ಲ. ಮೊದಲು 30 ಪಿಎಸ್‌ಐ ಕೊಟ್ಟು ಮುಚ್ಚಳ ಬಿಗಿಯಾಗಿ ಕೂರಿಸಬೇಕು, ಹಳೆ ಕೆಗ್‌ಗಳ ಮುಚ್ಚಳ ಕಡಿಮೆ ಒತ್ತಡಕ್ಕೆ ಸರಿಯಾಗಿ ಕೂರೋದಿಲ್ಲ. ಆಮೇಲೆ ಸೋಪಿನ ನೀರು ಸ್ಪ್ರೇ ಮಾಡಿ ಮುಚ್ಚಳ, ಪೋಸ್ಟ್, ರಿಲೀಫ್ ವಾಲ್ವ್, ಪೈಪಿನ ಕ್ಲಾಂಪ್, ರೆಗ್ಯುಲೇಟರ್ ಸೇರೋ ಜಾಗ ಎಲ್ಲ ನೋಡುತ್ತೇನೆ. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಎಬ್ಬಿಸುತ್ತದೆ. ಸಣ್ಣದು ಹಾಗಲ್ಲ, ಒಂದೆರಡು ನಿಮಿಷ ಬಿಟ್ಟು ನೋಡಿದರೆ ಪೋಸ್ಟ್‌ನ ಬುಡದಲ್ಲಿ ಬಿಳಿ ನೊರೆ ಸಾಸಿವೆಯಷ್ಟು ಕೂಡಿರುತ್ತದೆ. ಸಿಲಿಂಡರ್ ಖಾಲಿ ಮಾಡೋದು ಹೆಚ್ಚಾಗಿ ಇದೇ. ಕೊನೆಗೆ ಸಿಲಿಂಡರ್ ವಾಲ್ವ್ ಮುಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಮುಳ್ಳು ಅಲ್ಲೇ ಇದ್ದರೆ ಪಾಸ್.

ಬಿಯರ್ ತುಂಬೋದು ಸುಲಭ. ಗಾಳಿ ತಾಗಿದ ಬಿಯರ್ ಬೇಗ ಒದ್ದೆ ರಟ್ಟಿನ ವಾಸನೆ ಹಿಡಿಯುತ್ತದೆ, ಅದನ್ನು ತಪ್ಪಿಸಬೇಕು ಅಷ್ಟೇ. ಕೆಗ್ ತುಂಬಾ ಬಿಯರ್ ಉಪಕರಣಕ್ಕೆ ಬಳಸೋ ಸ್ಯಾನಿಟೈಸರ್ ಬೆರೆಸಿದ ನೀರು ತುಂಬಿಸಿ ಅದನ್ನು ಗ್ಯಾಸಿನಿಂದ ಹೊರಗೆ ತಳ್ಳಿದರೆ ಒಳಗೆ ಉಳಿಯೋದು ಗ್ಯಾಸ್ ಮಾತ್ರ. ಆಮೇಲೆ ಗಸಿ ಕದಡದ ಹಾಗೆ ಸೈಫನ್ ಹಾಕಿ ತಳದಿಂದ ತುಂಬಿಸಿ, ಮುಚ್ಚಿ, ಗ್ಯಾಸ್ ಕೊಟ್ಟು ರಿಲೀಫ್ ವಾಲ್ವ್ ನಾಲ್ಕೈದು ಸಲ ಎಳೆದುಬಿಡಿ.

ಗ್ಯಾಸ್ ಹಿಡಿಸೋಕೆ ಅವಸರ ಬೇಡ. ಫ್ರಿಜ್‌ನಲ್ಲಿ 3-4 ಡಿಗ್ರಿಯಲ್ಲಿಟ್ಟು 12 ಪಿಎಸ್‌ಐ ಕೊಟ್ಟು ಹತ್ತು ದಿನದಿಂದ ಎರಡು ವಾರ ಬಿಟ್ಟರೆ ಸುಮಾರು 2.5 ವಾಲ್ಯೂಮ್ ಹಿಡಿಯುತ್ತದೆ, ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಎರಡೂವರೆ ಲೀಟರ್ ಗ್ಯಾಸ್. 30 ಪಿಎಸ್‌ಐ ಕೊಟ್ಟು ಒಂದೂವರೆ ದಿನದಲ್ಲಿ ಮುಗಿಸೋ ದಾರಿಯೂ ಇದೆ, ಮರೆತರೆ ಬರೀ ನೊರೆ. ಗ್ಯಾಸ್ ಉಳಿಸಬೇಕೆಂದರೆ ಬಾಟಲಿಯಲ್ಲಿ ಗ್ಯಾಸ್ ಹಿಡಿಯಲಿ ಅಂತ ಹಾಕೋ ಸಕ್ಕರೆಯ ಅರ್ಧದಷ್ಟನ್ನು ಕೆಗ್‌ಗೇ ಹಾಕಿ ಫ್ರಿಜ್‌ನ ಹೊರಗೆ ಇಟ್ಟು ಹುದುಗಿಸಬಹುದು. ಮೊದಲ ಗ್ಲಾಸಿನಲ್ಲಿ ಗಸಿ ಬರುತ್ತದೆ, ಚೆಲ್ಲಿ.

ಟ್ಯಾಪ್‌ಗೆ ದುಡ್ಡು ಸುರಿಯಬೇಕಿಲ್ಲ. ಹೆಬ್ಬೆರಳಿನಿಂದ ಒತ್ತೋ ಪ್ಲಾಸ್ಟಿಕ್ ಪಿಕ್ನಿಕ್ ಟ್ಯಾಪ್ ಸಾಕು, ಹಳೆ ಫ್ರಿಜ್‌ಗೆ ತೂತು ಕೊರೆಯೋ ಕೆಲಸವೂ ಇಲ್ಲ, ಪೈಪ್ ಸುತ್ತಿ ಕೆಗ್ ಮೇಲೇ ಇಡಬಹುದು. ಆದರೆ ಪೈಪಿನ ಉದ್ದದಲ್ಲಿ ಜಿಪುಣತನ ಬೇಡ. ಒಳ ಅಗಲ 5 ಮಿಲಿಮೀಟರ್ ಇರೋ ಪೈಪ್ ಸುಮಾರು 3 ಮೀಟರ್ ಬೇಕು. ಟ್ಯಾಪ್ ಜೊತೆ ಬರೋ ತುಂಡು ಪೈಪಿನಲ್ಲಿ ಬಿಯರ್ ರಭಸವಾಗಿ ನುಗ್ಗಿ ಗ್ಲಾಸ್ ತುಂಬಾ ನೊರೆ ಬರುತ್ತದೆ, ಜನ ಒತ್ತಡ ಇಳಿಸುತ್ತಾರೆ, ಒಂದು ವಾರದಲ್ಲಿ ಬಿಯರ್ ಸಪ್ಪೆ. ಟ್ಯಾಪ್ ಅರ್ಧ ಒತ್ತಿ ಹಿಡಿಯೋದೂ ನೊರೆಗೆ ಕಾರಣ, ಪೂರ್ತಿ ಒತ್ತಿ.

ಸಿಲಿಂಡರ್ ಬದಲು 16 ಗ್ರಾಂ ಕಾರ್ಟ್ರಿಡ್ಜ್‌ನಲ್ಲಿ ಶುರು ಮಾಡೋಣ ಅಂತ ಅನ್ನಿಸಬಹುದು, ಮೊದಲ ಖರ್ಚು ಕಡಿಮೆ ನಿಜ. ಆದರೆ ಗ್ಯಾಸ್ ಹಿಡಿದ ಕೆಗ್ ಅನ್ನು ಖಾಲಿ ಮಾಡೋಕೇ ನಾಲ್ಕೈದು ಬೇಕು. ಒಂದೆರಡು ಲೀಟರಿನ ಪುಟ್ಟ ಕೆಗ್‌ಗೆ ಸರಿ, 19 ಲೀಟರಿಗೆ ಅಲ್ಲ.

ಇಷ್ಟೆಲ್ಲ ಕೂಡಿಸಿದ ಮೇಲೆ ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಹೊಳೆಯೋ ಟ್ಯಾಪ್ ಬೇಡ, ಎರಡನೇ ಕೆಗ್ ತೆಗೆದುಕೊಳ್ಳಿ. ಗ್ಯಾಸ್ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿದರೆ ಒಂದೇ ರೆಗ್ಯುಲೇಟರ್‌ನಲ್ಲಿ ಎರಡೂ ನಡೆಯುತ್ತವೆ. ಒಂದರಿಂದ ಕುಡಿಯುತ್ತಿರುವಾಗ ಇನ್ನೊಂದಕ್ಕೆ ಗ್ಯಾಸ್ ಹಿಡಿಯುತ್ತಿರುತ್ತದೆ. ಟೀ ಜಾಯಿಂಟ್‌ಗೂ ಸೋಪಿನ ನೀರು ಹಾಕಿ ನೋಡೋದನ್ನು ಮರೀಬೇಡಿ.