ಎಕ್ಸ್‌ಪಿಯ ಕಾಮ್ 1ಕ್ಕೆ ತೂಕದ ಮಶೀನು ಜೋಡಿಸಿದ್ದು

ಶಿರಸಿಯ ಒಂದು ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಬರೆದುಕೊಟ್ಟವರು ಈಗ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಕಾಮ್ 1 ಅನ್ನುವ ಸೀರಿಯಲ್ ಪೋರ್ಟಿನಿಂದ (ಒಂದೊಂದೇ ಬಿಟ್ ದಾಟಿಸುವ ಹಳೇ ನಮೂನೆಯ ಕಿಂಡಿ) ತೂಕ ಓದು, ಅಡಿಕೆ ಚಾಲಿಯೋ (ಸಿಪ್ಪೆಯೊಡನೆ ಒಣಗಿಸಿದ್ದು) ರಾಶಿಯೋ (ಬೇಯಿಸಿ ಒಣಗಿಸಿದ್ದು) ನೋಡಿ ದರ ಹಚ್ಚು, ಚೀಟಿ ತೆಗೆ. ಹಳೇ ಕಂಪ್ಯೂಟರ್ ಮಳೆಗಾಲದಲ್ಲಿ ಕೈಕೊಟ್ಟಿತು. ಹೊಸದಕ್ಕೆ ಲಿನಕ್ಸ್ ಹಾಕಿ, ವರ್ಚುವಲ್‌ಬಾಕ್ಸ್‌ನೊಳಗೆ ಎಕ್ಸ್‌ಪಿಯನ್ನು ಕೂರಿಸಿದೆ. ವರ್ಚುವಲ್‌ಬಾಕ್ಸ್ ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್ (ವರ್ಚುವಲ್ ಮಶೀನ್, ವಿಎಂ) ಓಡಿಸುವ ಪ್ರೋಗ್ರಾಮ್. ಎಕ್ಸ್‌ಪಿಗೆ ನೆಟ್ ಕೊಡಲಿಲ್ಲ, ಕೊಡಲೂಬಾರದು. ಮಂಡಿಯ ಯಜಮಾನರದ್ದು ಒಂದೇ ಮಾತು: "ತಮಾ, ಬಿಲ್ಲು ಮಾತ್ರ ಮುಂಚಿನ ಹಾಂಗೇ ಬರವು (ಬರಬೇಕು)."

ಹೊಸ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಬೇಕು. ಕನ್ವರ್ಟರನ್ನು ನೇರವಾಗಿ ವಿಎಂಗೆ ಒಪ್ಪಿಸಬಹುದು. ಆದರೆ ಆಗ ಎಕ್ಸ್‌ಪಿಗೆ ಅದರ ಡ್ರೈವರ್ ಹುಡುಕಬೇಕು. ಅದು ಕಾಮ್ 3, ಕಾಮ್ 4 ಅಂತ ಬೇರೆ ನಂಬರ್ ಹಿಡಿದರೆ ಅದನ್ನೂ ಬದಲಿಸಬೇಕು. ಅದಕ್ಕಿಂತ ವರ್ಚುವಲ್‌ಬಾಕ್ಸ್ ತಾನೇ ತೋರಿಸುವ ಸೀರಿಯಲ್ ಪೋರ್ಟ್ ಒಳ್ಳೆಯದು. ವಿಎಂ ಒಳಗೆ ಅದು ಹಳೇ ನಮೂನೆಯ 16550ಎ ಚಿಪ್, ಕಾಮ್ 1ರ ಮಾಮೂಲಿ ವಿಳಾಸ 3ಎಫ್8, ಐಆರ್‌ಕ್ಯೂ (ಚಿಪ್ ಸಿಪಿಯುವನ್ನು ಕರೆಯುವ ಗೆರೆ) 4. ಎಕ್ಸ್‌ಪಿಗೆ ಅದು ಮೊದಲೇ ಗೊತ್ತು, ಡ್ರೈವರ್ ಕೇಳುವುದೇ ಇಲ್ಲ.

ವ್ಯಾಪಾರದ ಹೊತ್ತಿನಲ್ಲಿ ಮಂಡಿಯಲ್ಲಿ ಕೂತು ಪ್ರಯೋಗ ಮಾಡುವ ಹಾಗಿರಲಿಲ್ಲ. ಹಾಗಾಗಿ ಮೊದಲು ತೂಕದ ಮಶೀನಿನ ಮಾತನ್ನು ಹಿಡಿದುಕೊಂಡು ಬಂದೆ. ಲ್ಯಾಪ್‌ಟಾಪಿಗೆ ಕನ್ವರ್ಟರ್ ಸಿಕ್ಕಿಸಿ, ಚೀಲ ಏರಿಸಿ ಇಳಿಸುತ್ತಿರುವಾಗ ಬಂದದ್ದನ್ನೆಲ್ಲ ಒಂದು ಫೈಲಿಗೆ ತುಂಬಿದೆ. ಮನೆಯಲ್ಲಿ ತೆರೆದು ನೋಡಿದರೆ ಸಾಲು ಸಾಲಾಗಿ ಹೀಗಿತ್ತು: "ಎಸ್‌ಟಿ, ಜಿಎಸ್, +0064.20 ಕೆಜಿ". ಎಸ್‌ಟಿ ಅಂದರೆ ಮುಳ್ಳು ನಿಂತಿದೆ, ಯುಎಸ್ ಅಂದರೆ ಇನ್ನೂ ಅಲುಗಾಡುತ್ತಿದೆ. ಜಿಎಸ್ ಒಟ್ಟು ತೂಕ. ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಅಕ್ಷರ, ಸಂಕೇತ ಸಂಖ್ಯೆ 13 (ಸಾಲಿನ ಮೊದಲಿಗೆ ಮರಳು) ಮತ್ತು 10 (ಮುಂದಿನ ಸಾಲಿಗೆ ಇಳಿ). ಈ ಸಾಫ್ಟ್‌ವೇರ್ ಸಾಲು ಮುಗಿಯಿತು ಅಂತ ತಿಳಿಯುವುದು ಅವುಗಳಿಂದಲೇ. ನಕಲಿಯಲ್ಲಿ ಅವು ಬಿಟ್ಟುಹೋದರೆ ತೂಕದ ಜಾಗ ಖಾಲಿ ಕೂರುತ್ತದೆ.

ಆಮೇಲೆ ವಿಎಂ ಸೆಟ್ಟಿಂಗಿನಲ್ಲಿ ಕಾಮ್ 1 ಚಾಲೂ ಮಾಡಿ, ಮೋಡ್ ಹೋಸ್ಟ್ ಪೈಪ್ (ತಂತಿಯ ಬದಲು ಲಿನಕ್ಸ್‌ನ ಇನ್ನೊಂದು ಪ್ರೋಗ್ರಾಮಿಗೆ ಜೋಡಿಸುವ ದಾರಿ) ಇಟ್ಟೆ. 'ಈಗಾಗಲೇ ಇರುವ ಪೈಪಿಗೆ ಸೇರು' ಅನ್ನುವ ಚೌಕಕ್ಕೆ ಟಿಕ್ ಹಾಕಲಿಲ್ಲ. ಟಿಕ್ ಇಲ್ಲದಿದ್ದರೆ ವರ್ಚುವಲ್‌ಬಾಕ್ಸೇ ಪೈಪ್ ಹುಟ್ಟಿಸುತ್ತದೆ. ಟಿಕ್ ಇದ್ದು, ಆ ಕಡೆ ಯಾರೂ ಕಾಯುತ್ತಿಲ್ಲ ಅಂದರೆ ವಿಎಂ ಶುರುವೇ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಈ ಪೈಪ್ ನಿಜಕ್ಕೂ ಒಂದು ಯುನಿಕ್ಸ್ ಸಾಕೆಟ್. ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಅದಕ್ಕೆ ಸೇರಿ, ಹಿಡಿದಿಟ್ಟ ಫೈಲಿನಿಂದ ಒಂದೊಂದೇ ಸಾಲು ಕಳಿಸಿ, ಸ್ವಲ್ಪ ತಡೆದು ಮುಂದಿನದು ಕಳಿಸುತ್ತದೆ. ಪೋರ್ಟಿಗೆ ಬಂದದ್ದನ್ನು ತೋರಿಸುವ ಎಕ್ಸ್‌ಪಿಯ ಹೈಪರ್‌ಟರ್ಮಿನಲ್‌ನಲ್ಲಿ ಮೊದಲು ನೋಡಿದೆ, ಅಕ್ಷರ ಬಂತು. ಅದನ್ನು ಮುಚ್ಚಿ ಬಿಲ್ಲಿಂಗ್ ತೆರೆದೆ. ಮನೆಯ ಜಗಲಿಯಲ್ಲೇ ಅಡಿಕೆ ತೂಕವಾಗಿ ಚೀಟಿ ತಯಾರು! ಈ ಸುಳ್ಳು ಮಶೀನನ್ನು ಈಗಲೂ ಇಟ್ಟುಕೊಂಡಿದ್ದೇನೆ, ಸಾಫ್ಟ್‌ವೇರ್ ತಕರಾರು ಮಾಡಿದಾಗ ತಪ್ಪು ಯಾವ ಕಡೆ ಅಂತ ಬೇಗ ಗೊತ್ತಾಗುತ್ತದೆ.

ಒಂದು ವಿಷಯ ಮಾತ್ರ ಪೈಪ್ ತೋರಿಸುವುದಿಲ್ಲ: ಬಾಡ್ ರೇಟ್, ಅಂದರೆ ತಂತಿಯಲ್ಲಿ ಬಿಟ್‌ಗಳು ಓಡುವ ವೇಗ. ಪೈಪಿನಲ್ಲಿ ತಂತಿಯೂ ಇಲ್ಲ, ವೋಲ್ಟೇಜೂ ಇಲ್ಲ, ಬರೀ ಬೈಟ್‌ಗಳು. ಒಳಗೆ 2400 ಇರಲಿ, 9600 ಇರಲಿ, ಅಕ್ಷರ ಸರಿಯಾಗಿಯೇ ಬರುತ್ತದೆ. ನಿಜವಾದ ತಂತಿಯಲ್ಲಿ ಹಾಗಲ್ಲ, ಎರಡೂ ಕಡೆ ಒಂದೇ ಇರಬೇಕು. ಇಲ್ಲವಾದರೆ ಪರದೆ ತುಂಬ ಕಸ. ಅದಕ್ಕೇ ಮಶೀನಿನ ಮೆನುವಿನಲ್ಲಿ ಇದ್ದದ್ದನ್ನು (9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್) ಮೊದಲೇ ಬರೆದುಕೊಂಡು ಬಂದು, ಸಾಫ್ಟ್‌ವೇರಿನಲ್ಲೂ ಅದನ್ನೇ ಇಟ್ಟಿದ್ದೆ.

ಮಂಡಿಯಲ್ಲಿ ಮೋಡ್ ಅನ್ನು ಹೋಸ್ಟ್ ಡಿವೈಸ್‌ಗೆ (ನಿಜವಾದ ಪೋರ್ಟಿಗೆ ಜೋಡಿಸುವ ದಾರಿ) ಬದಲಿಸಿದೆ. ಅಲ್ಲಿ ಲಿನಕ್ಸ್ ಕಡೆ ಸುಮ್ನೆ ಬಾಡ್ ರೇಟ್ ಹೊಂದಿಸುತ್ತಾ ಕೂರುವುದು ದಂಡ. ವಿಎಂ ಒಳಗಿನ ಪ್ರೋಗ್ರಾಮ್ ಕೇಳಿದ್ದನ್ನೇ ವರ್ಚುವಲ್‌ಬಾಕ್ಸ್ ನಿಜವಾದ ಪೋರ್ಟಿಗೆ ದಾಟಿಸುತ್ತದೆ. ಬಳಕೆದಾರ ಲಿನಕ್ಸ್‌ನ ಡಯಲ್‌ಔಟ್ ಗುಂಪಿನಲ್ಲಿ (ಸೀರಿಯಲ್ ಪೋರ್ಟ್ ಬಳಸಬಲ್ಲವರ ಪಟ್ಟಿ) ಇರಬೇಕು, ಇಲ್ಲವಾದರೆ ಪೋರ್ಟ್ ತೆರೆಯಲು ಅನುಮತಿ ಸಿಗುವುದಿಲ್ಲ. ಸಿಎಚ್340 ಚಿಪ್ಪಿನ ಕನ್ವರ್ಟರ್ ಸಿಕ್ಕಿಸಿದ ಕೂಡಲೇ ಮಾಯವಾದರೆ, ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಅನ್ನುವ ಸೇವೆ ಅದನ್ನು ತನ್ನದೆಂದು ಎತ್ತಿಕೊಂಡಿರಬಹುದು. ಬ್ರೈಲ್ ಬಳಸುವವರು ಇಲ್ಲದಿದ್ದರೆ ತೆಗೆದುಹಾಕಿ.

ಪೋರ್ಟಿನ ಹೆಸರಿನದ್ದೂ ಒಂದು ಕಿರಿಕಿರಿ. ಇಲ್ಲಿ ಕರೆಂಟ್ ಹೋಗಿ ಬರುವುದು ಜಾಸ್ತಿ, ಕೇಬಲ್ ಎಳೆದು ಹಾಕುವವರೂ ಜಾಸ್ತಿ. ಇವತ್ತು ಯುಎಸ್‌ಬಿ 0 ಆಗಿದ್ದದ್ದು ನಾಳೆ ಯುಎಸ್‌ಬಿ 1 ಆಗಬಹುದು. ಹಾಗಾಗಿ ಸೆಟ್ಟಿಂಗಿನಲ್ಲಿ ಆ ಹೆಸರು ಕೊಡದೆ, ಸೀರಿಯಲ್ ಫೋಲ್ಡರಿನಲ್ಲಿ ಲಿನಕ್ಸ್ ಮಾಡಿಕೊಡುವ ಐಡಿ ಆಧಾರದ ಉದ್ದ ಹೆಸರನ್ನೇ ಕೊಟ್ಟೆ.

ಇನ್ನೊಂದು, ವಿಎಂ ಓಡುತ್ತಿರುವಾಗ ಲಿನಕ್ಸ್‌ನಲ್ಲಿ ಮಿನಿಕಾಮ್ (ಹೈಪರ್‌ಟರ್ಮಿನಲ್‌ನಂಥದ್ದೇ ಪ್ರೋಗ್ರಾಮ್) ತೆರೆದು ಇಣುಕಬೇಡಿ. ಒಂದೇ ಪೋರ್ಟನ್ನು ಇಬ್ಬರು ಓದಿದರೆ ಅಕ್ಷರಗಳು ಇಬ್ಬರಿಗೂ ಹಂಚಿಹೋಗುತ್ತವೆ. 64.20 ಬರಬೇಕಾದ ಕಡೆ 6.2 ಬಂದರೆ ಬೆಳೆಗಾರರಿಗೆ ಉತ್ತರ ಹೇಳುವವರು ಯಾರು?